ನಡುಗುವ ಮರಿಯಿಂದ ಜೀನಿನವರೆಗೆ: ಇಎನ್‌ಯು ಇಲಿಗಳ ಜೊತೆ ನನ್ನ ಅನುಭವ

ಆರೋಗ್ಯವಾಗಿರುವ ಇಲಿಯನ್ನು ಬಾಲ ಹಿಡಿದು ಮೆಲ್ಲಗೆ ಮೇಲೆತ್ತಿದರೆ ಅದು ಹಿಂಗಾಲುಗಳನ್ನು ಎರಡೂ ಬದಿಗೆ ಅಗಲಿಸುತ್ತದೆ, ಬೆರಳುಗಳನ್ನೂ ಬಿಡಿಸುತ್ತದೆ. ನರಮಂಡಲದಲ್ಲಿ ತೊಂದರೆ ಇರುವ ಇಲಿ ಬಹಳ ಸಲ ಇದರ ಉಲ್ಟಾ ಮಾಡುತ್ತದೆ. ಎರಡೂ ಕಾಲನ್ನು ಹೊಟ್ಟೆ ಹತ್ತಿರ ಎಳೆದುಕೊಂಡು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹತ್ತೇ ಸೆಕೆಂಡಿನ ಪರೀಕ್ಷೆ. ಯಂತ್ರ ಬೇಡ, ಬಣ್ಣ ಬೇಡ, ಕಣ್ಣು ಇದ್ದರೆ ಸಾಕು. ಐದು ವರ್ಷ ನಾನು ಮಾಡಿದ ಕೆಲಸದಲ್ಲಿ ಅತಿ ಹೆಚ್ಚು ಸಲ ಮಾಡಿದ್ದು ಇದನ್ನೇ.

ಕೆಲಸ ಏನು ಅಂದರೆ, ಗಂಡು ಇಲಿಗಳಿಗೆ ಇಎನ್‌ಯು ಅನ್ನುವ ಒಂದು ರಾಸಾಯನಿಕ ಚುಚ್ಚುವುದು. ಅದು ವೀರ್ಯ ತಯಾರಿಸುವ ಮೂಲ ಕೋಶಗಳ ಡಿಎನ್ಎಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಿಸುತ್ತದೆ. ಆಮೇಲೆ ಆ ಗಂಡುಗಳ ಮಕ್ಕಳು, ಮೊಮ್ಮಕ್ಕಳು, ಮರಿಮೊಮ್ಮಕ್ಕಳಲ್ಲಿ ನಡಿಗೆ ಕೆಟ್ಟಿದೆಯಾ, ನಡುಕ ಇದೆಯಾ, ಕಿವಿ ಕೇಳುತ್ತಾ, ನಿದ್ದೆ ಸರಿಯಿದೆಯಾ ಅಂತ ಒಂದೊಂದನ್ನೇ ನೋಡುವುದು. ವಿಚಿತ್ರವಾದದ್ದು ಸಿಕ್ಕರೆ ಅದಕ್ಕೆ ಕಾರಣವಾದ ಜೀನನ್ನು ಹುಡುಕಿಕೊಂಡು ಹೋಗುವುದು.

ಬೇಕಾದ ಜೀನನ್ನು ಸೀದಾ ಕತ್ತರಿಸಬಹುದಲ್ವಾ, ಅದಕ್ಕೆ ಕ್ರಿಸ್ಪರ್ ತಂತ್ರ ಇದೆಯಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಯಾವ ಜೀನ್ ಬೇಕು ಅಂತ ಗೊತ್ತಿದ್ದರೆ ಹಾಗೇ ಮಾಡಬೇಕು, ಅದೇ ಸುಲಭ. ಗೊತ್ತಿಲ್ಲದಿದ್ದರೆ? ಮೊದಲು ಲಕ್ಷಣ ಹುಡುಕಿ ಆಮೇಲೆ ಜೀನಿಗೆ ಹೋಗಬೇಕು. ಕೀಟಗಳಲ್ಲಿ ಈ ದಾರಿ ಹಳೆಯದು. 1971ರಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ ಹಣ್ಣಿನ ನೊಣಕ್ಕೆ ರಾಸಾಯನಿಕ ತಿನ್ನಿಸಿ, ಮೈಯೊಳಗಿನ ದಿನದ ಗಡಿಯಾರ ಕೆಟ್ಟ ನೊಣಗಳನ್ನು ಹೆಕ್ಕಿ ತೆಗೆದರು. ಇಲಿಯಲ್ಲಿ ಅದೇ ದಾರಿ ಹಿಡಿದವರು ಜೋಸೆಫ್ ತಕಹಾಶಿ ಅವರ ತಂಡ. 300ಕ್ಕೂ ಹೆಚ್ಚು ಇಲಿಗಳನ್ನು ಕತ್ತಲಲ್ಲಿ ಚಕ್ರದ ಮೇಲೆ ಓಡಿಸಿ ನೋಡಿದಾಗ ಒಂದರ ದಿನ ಮಾತ್ರ ಬೇರೆಯವುಗಳಿಗಿಂತ ಸುಮಾರು ಒಂದು ಗಂಟೆ ಉದ್ದ ಇತ್ತು. ತಂದೆ ತಾಯಿಯಿಂದ ಒಂದೊಂದಾಗಿ ಬರುವ ಜೀನಿನ ಎರಡೂ ಪ್ರತಿ ಕೆಟ್ಟ ಇಲಿಗಳಲ್ಲಿ ಅದು 27–28 ಗಂಟೆಗೆ ಹೋಗಿ, ಆಮೇಲೆ ಲಯವೇ ತಪ್ಪುತ್ತಿತ್ತು. 1994ರಲ್ಲಿ ಅದನ್ನು ಪ್ರಕಟಿಸಿದರು, 1997ರಲ್ಲಿ ಜೀನ್ ಸಿಕ್ಕಿತು, ಅದಕ್ಕೆ ಕ್ಲಾಕ್ ಅಂತಲೇ ಹೆಸರು. ಆ ಜೀನಿನ ಹೆಸರು ಮೊದಲೇ ಬರೆದಿಟ್ಟುಕೊಂಡು ಹೊರಡಲು ಯಾರಿಗೂ ಸಾಧ್ಯವಿರಲಿಲ್ಲ. ಇಲಿಯೇ ತೋರಿಸಿಕೊಟ್ಟಿತು. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಇದೊಂದೇ.

ನಾವು ಬಳಸಿದ್ದು ಇಎನ್‌ಯು, ಪೂರ್ತಿ ಹೆಸರು ಎಥೈಲ್ ನೈಟ್ರೋಸೋ ಯೂರಿಯಾ. ಇಲಿಯಲ್ಲಿ ಇದಕ್ಕಿಂತ ಜೋರಾಗಿ ಮ್ಯೂಟೇಶನ್, ಅಂದರೆ ಡಿಎನ್ಎಯಲ್ಲಿ ಬದಲಾವಣೆ, ತರುವ ರಾಸಾಯನಿಕ ಇನ್ನೊಂದಿಲ್ಲ ಅಂತ 1979ರಲ್ಲಿ ಓಕ್ ರಿಡ್ಜ್ ಪ್ರಯೋಗಾಲಯದ ವಿಲಿಯಂ ರಸೆಲ್ ತೋರಿಸಿದ್ದರು. ಅದು ಡಿಎನ್ಎಯ ಅಕ್ಷರಕ್ಕೆ ಒಂದು ಈಥೈಲ್ ಬಾಲ ಅಂಟಿಸುತ್ತದೆ. ಮುಂದಿನ ಸಲ ಡಿಎನ್ಎ ನಕಲಾಗುವಾಗ ಕೋಶ ಆ ಅಕ್ಷರವನ್ನು ತಪ್ಪಾಗಿ ಓದಿಕೊಳ್ಳುತ್ತದೆ. ಡಿಎನ್ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿಗಳಲ್ಲಿ ಎ-ಟಿ ಜೋಡಿಗಳಿಗೇ ಪೆಟ್ಟು ಜಾಸ್ತಿ. ವಿಕಿರಣದ ಹಾಗೆ ದೊಡ್ಡ ತುಂಡನ್ನೇ ಕಿತ್ತು ಹಾಕುವುದಿಲ್ಲ, ಒಂದೇ ಅಕ್ಷರ ಬದಲಿಸುತ್ತದೆ. ಇದು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ, ನನ್ನ ಇಡೀ ಕೆಲಸ ಅದರ ಮೇಲೇ ನಿಂತಿದೆ.

ಇದು ನಮ್ಮ ಡಿಎನ್ಎಗೂ ಅದೇ ಕೆಲಸ ಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಹಾಗಾಗಿ ಪುಡಿಯನ್ನು ಯಾವತ್ತೂ ತೂಗಲಿಲ್ಲ. ಒಂದು ಗ್ರಾಂ ಮುಚ್ಚಿದ ಬಾಟಲಿಯಲ್ಲೇ ಬರುತ್ತದೆ, ರಬ್ಬರ್ ಮುಚ್ಚಳದ ಮೂಲಕ ಸೂಜಿ ಚುಚ್ಚಿ ಮೊದಲು 10 ಮಿಲಿ ಆಲ್ಕೋಹಾಲ್, ಪುಡಿ ಕರಗಿದ ಮೇಲೆ 90 ಮಿಲಿ ಫಾಸ್ಫೇಟ್-ಸಿಟ್ರೇಟ್ ಬಫರ್ (ಪಿಹೆಚ್ ಬದಲಾಗದಂತೆ ಹಿಡಿಯುವ ದ್ರಾವಣ) ಹಾಕುತ್ತಿದ್ದೆವು. ಬಫರಿನ ಪಿಹೆಚ್ 5 ಇರಲೇಬೇಕು. ಪಿಹೆಚ್ ಏರಿದರೆ ಇಎನ್‌ಯು ಬೇಗ ಒಡೆದು ಹೋಗುತ್ತದೆ, ಬೆಳಕು ಬಿದ್ದರೂ ಅಷ್ಟೇ. ಆ ತಿಳಿ ಹಳದಿ ದ್ರಾವಣದ ಸ್ವಲ್ಪ ಭಾಗ ತೆಗೆದು ಬೆಳಕು ಎಷ್ಟು ಹೀರಿಕೊಳ್ಳುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 398 ನ್ಯಾನೋಮೀಟರ್‌ಗೆ ಓದಿ, ನಿಜವಾದ ಸಾಂದ್ರತೆ ಎಷ್ಟು ಅಂತ ನೋಡಿಯೇ ಡೋಸ್ ಲೆಕ್ಕ ಹಾಕುತ್ತಿದ್ದೆವು. ಬಾಟಲಿಯ ಚೀಟಿ ಮೇಲೆ ಬರೆದದ್ದನ್ನು ನಂಬಬೇಡಿ. ಕಪ್ಪು ಬಿ6 ತಳಿಯ ಎಂಟರಿಂದ ಹತ್ತು ವಾರದ ಗಂಡುಗಳಿಗೆ ಕಿಲೋ ತೂಕಕ್ಕೆ 90 ಮಿಲಿಗ್ರಾಂ, ವಾರಕ್ಕೊಂದು ಸಲ, ಮೂರು ವಾರ. ಒಟ್ಟಿಗೆ ಕೊಟ್ಟರೆ ಇಲಿ ತಡೆಯುವುದಿಲ್ಲ. ಹಂಚಿ ಕೊಟ್ಟರೆ ಒಟ್ಟು ಜಾಸ್ತಿ ಕೊಡಬಹುದು, ಮ್ಯೂಟೇಶನ್ನೂ ಜಾಸ್ತಿ ಸಿಗುತ್ತದೆ. ಬೇರೆ ತಳಿಗೆ ಈ ಲೆಕ್ಕ ನಡೆಯದು, ಪ್ರತಿ ತಳಿಯಲ್ಲೂ ಮೊದಲು ಕೆಲವೇ ಇಲಿಗಳ ಮೇಲೆ ಡೋಸ್ ನೋಡಿಕೊಳ್ಳಬೇಕು.

ಎಲ್ಲವೂ ಗಾಳಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೆ, ಎರಡು ಜೊತೆ ಗ್ಲೌಸ್, ಪಕ್ಕದಲ್ಲಿ ಒಬ್ಬರು ಸುಮ್ನೆ ನೋಡಿಕೊಳ್ಳಲಿಕ್ಕೇ ಇರಬೇಕು. ಚುಚ್ಚಿದ ಇಲಿಗಳ ಪಂಜರ ಒಂದು ದಿನ ಪೂರ್ತಿ ಹುಡ್ಡಿನಲ್ಲೇ. ಮಿಕ್ಕಿದ ದ್ರಾವಣ, ಸಿರಿಂಜ್, ಸೂಜಿ ಎಲ್ಲವನ್ನೂ ಕ್ಷಾರೀಯ ಸೋಡಿಯಂ ಥಯೋಸಲ್ಫೇಟ್‌ನಲ್ಲಿ ಮುಳುಗಿಸಿ ನಿಷ್ಕ್ರಿಯ ಮಾಡುತ್ತಿದ್ದೆವು. ಆ ಮೂರು ದಿನಗಳಲ್ಲಿ ನಾನು ಮನಸ್ಸಿಗೆ ಬಂದ ಹಾಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಏನು ಮಾಡಬೇಕು ಅಂತ ಬರೆದ ಹಾಳೆ ಕಣ್ಣ ಮುಂದೆಯೇ ಅಂಟಿಸಿರುತ್ತಿತ್ತು.

ಆಮೇಲೆ ಕಾಯುವುದು. ಚುಚ್ಚಿದ ಗಂಡುಗಳು ಸುಮಾರು ಹತ್ತು ವಾರ ಬಂಜೆಯಾಗುತ್ತವೆ, ಯಾಕೆಂದರೆ ವೃಷಣದ ಕೋಶಗಳು ಬಹುಪಾಲು ಸತ್ತು, ಉಳಿದ ಕೆಲವೇ ಮೂಲ ಕೋಶಗಳಿಂದ ಎಲ್ಲ ಹೊಸದಾಗಿ ತುಂಬಬೇಕು. ಮೊದಲ ಸಲ ನನಗೆ ಇದು ಬರೀ ತೊಂದರೆ ಅನ್ನಿಸಿತ್ತು. ನಮ್ಮ ಲ್ಯಾಬಿನ ಮೇಡಂ ಹೇಳಿದ ಮೇಲೆ ಗೊತ್ತಾಯಿತು, ಈ ಬಂಜೆತನವೇ ಡೋಸ್ ಸರಿಯಾಗಿ ಒಳಗೆ ಹೋಗಿದೆ ಅನ್ನುವುದಕ್ಕೆ ಸಾಕ್ಷಿ. ಐದನೇ ವಾರಕ್ಕೇ ಮರಿ ಹಾಕಿಸಿದ ಗಂಡು ಇದ್ದರೆ ಅದಕ್ಕೆ ಚುಚ್ಚುಮದ್ದು ಸರಿಯಾಗಿ ಬಿದ್ದಿಲ್ಲ ಅಂತ ತಿಳಿದು ಬಿಟ್ಟುಬಿಡುತ್ತಿದ್ದೆವು. ಕೆಲವಕ್ಕೆ ಫಲವತ್ತತೆ ವಾಪಸ್ ಬರುವುದೇ ಇಲ್ಲ, ಕೆಲವು ಸಾಯುತ್ತವೆ. ಅದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲಿ ಬಿಚ್ಚಿ ಬರೆಯಬೇಕು. ಇನ್ನೊಂದು ಮಾತು: ಉಳಿದ ಮೂಲ ಕೋಶಗಳು ಕೆಲವೇ ಆದ್ದರಿಂದ ಒಂದೇ ಗಂಡಿನಿಂದ ನೂರಾರು ಮರಿ ಪಡೆದರೆ ಅದೇ ಮ್ಯೂಟೇಶನ್ ಮತ್ತೆ ಮತ್ತೆ ಬರುತ್ತದೆ. ಹೆಚ್ಚು ಗಂಡು, ಒಂದೊಂದರಿಂದ ಕಡಿಮೆ ಮರಿ, ಅದೇ ಒಳ್ಳೆಯದು.

ಹೀಗೆ ಹುಟ್ಟಿದ ಮೊದಲ ಪೀಳಿಗೆಯ ಪ್ರತಿ ಮರಿಯಲ್ಲೂ ಹತ್ತಿಪ್ಪತ್ತು ಲಕ್ಷ ಅಕ್ಷರಕ್ಕೆ ಒಂದರಂತೆ ಹೊಸ ಬದಲಾವಣೆ ಇರುತ್ತದೆ. ಇಡೀ ಜೀನೋಮಿಗೆ ಅದು ಸಾವಿರಗಟ್ಟಲೆ ಆದರೂ ಬಹುಪಾಲು ಏನೂ ಮಾಡುವುದಿಲ್ಲ, ಪ್ರೋಟೀನನ್ನು ಬದಲಿಸುವಂಥವು ಕೆಲವು ಡಜನ್‌ಗಳಷ್ಟೇ. ಒಂದು ಪ್ರತಿ ಕೆಟ್ಟರೂ ಲಕ್ಷಣ ಕಾಣುವಂಥದ್ದು ಈ ಪೀಳಿಗೆಯಲ್ಲೇ ಸಿಕ್ಕಿಬಿಡುತ್ತದೆ. ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಣುವಂಥದ್ದಕ್ಕೆ ಇನ್ನೆರಡು ಪೀಳಿಗೆ ಬೇಕು. ಮೊದಲ ಪೀಳಿಗೆಯ ಗಂಡನ್ನು ಸಾಮಾನ್ಯ ಹೆಣ್ಣಿಗೆ ಕೂಡಿಸಿ, ಹುಟ್ಟಿದ ಹೆಣ್ಣುಮರಿಗಳನ್ನು ಮತ್ತೆ ಆ ತಂದೆಗೇ ಕೂಡಿಸಬೇಕು. ಮಗಳಲ್ಲಿ ಆ ಮ್ಯೂಟೇಶನ್ ಇರುವ ಸಾಧ್ಯತೆ ಅರ್ಧ, ಇದ್ದರೆ ಮರಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಕಾಲು. ಅಂದರೆ ಎಂಟರಲ್ಲಿ ಒಂದು. ಇದರಲ್ಲಿ ಒಂದು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ. ಕಿವಿಗೆ ಹಾಕಿದ ಗುರುತು, ಪಂಜರದ ಚೀಟಿ, ವಂಶದ ಪಟ್ಟಿ, ಈ ಮೂರೂ ಒಂದಕ್ಕೊಂದು ತಾಳೆ ಆಗುತ್ತಿರಬೇಕು. ಒಂದು ಚೀಟಿ ಅದಲು ಬದಲಾದರೆ ಒಂದು ವಂಶವೇ ಹಾಳು.

ಈಗ ನೋಡುವ ಕೆಲಸ. ಶಿರ್ಪಾ ಅನ್ನುವ ಹೆಸರಿನ ಒಂದು ಕ್ರಮ ಇದೆ, 1997ರಲ್ಲಿ ಬಂದದ್ದು, ಇಲಿಯ ನಡವಳಿಕೆಯನ್ನು ಹಂತ ಹಂತವಾಗಿ ಗುರುತು ಹಾಕುವುದು. ಮೊದಲು ಇಲಿ ಅದರ ಪಾಡಿಗೆ ಇರುವಾಗ ಉಸಿರು, ನಡುಕ, ಮೈ ಹೇಗಿಟ್ಟುಕೊಂಡಿದೆ ಅನ್ನುವುದು. ಆಮೇಲೆ ಬಯಲು ಪೆಟ್ಟಿಗೆಗೆ ಬಿಟ್ಟು ನಡಿಗೆ. ಆಮೇಲೆ ಹಿಡಿತ, ಬಾಲ ಹಿಡಿದು ಎತ್ತುವುದು, ಟಕ್ ಅಂತ ಸದ್ದು ಮಾಡಿದರೆ ಬೆಚ್ಚುತ್ತದಾ ಅನ್ನುವುದು. ಇದೆಲ್ಲ ಆದ ಮೇಲೆ ತಿರುಗುವ ಕೋಲು. ನಿಮಿಷಕ್ಕೆ 4 ಸುತ್ತಿನಿಂದ 40ಕ್ಕೆ ಐದು ನಿಮಿಷದಲ್ಲಿ ಏರುತ್ತಾ ಹೋಗುತ್ತದೆ, ಇಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುವುದು. ಇಲ್ಲಿ ಒಂದು ಮೋಸ ಇದೆ. ದಪ್ಪ ಇಲಿ ಬೇಗ ಬೀಳುತ್ತದೆ. ಕೆಲವು ಇಲಿಗಳು ನಡೆಯುವುದೇ ಇಲ್ಲ, ಕೋಲನ್ನು ತಬ್ಬಿಕೊಂಡು ಅದರ ಜೊತೆಗೇ ಸುತ್ತುತ್ತವೆ. ಯಂತ್ರ ಅದನ್ನು ಒಳ್ಳೆಯ ಅಂಕ ಅಂತ ಬರೆದುಕೊಳ್ಳುತ್ತದೆ. ಅದಕ್ಕೇ ಯಂತ್ರ ಆನ್ ಮಾಡಿ ಎದ್ದು ಹೋಗಬಾರದು.

ನಾನು ಪಾಲಿಸಿದ ಕೆಲವು ನಿಯಮಗಳು. ದಿನದ ಅದೇ ಹೊತ್ತು, ಅದೇ ಕೋಣೆ, ಆದಷ್ಟು ಅದೇ ಕೈ. ಪಂಜರದಿಂದ ತೆಗೆಯುವಾಗ ಬಾಲ ಹಿಡಿಯುವುದಿಲ್ಲ, ಕೊಳವೆಯೊಳಗೆ ಬರಮಾಡಿಕೊಂಡು ಎತ್ತುವುದು, ಹೆದರಿದ ಇಲಿಯ ನಡವಳಿಕೆ ನೋಡಿ ಏನೂ ತಿಳಿಯುವುದಿಲ್ಲ. ಯಾವ ವಂಶದ್ದು ಅಂತ ಗುರುತು ಹಾಕುವವರಿಗೆ ಗೊತ್ತಿರಬಾರದು.

ಸುಳ್ಳು ಸುದ್ದಿಗಳೇ ಜಾಸ್ತಿ. ತಲೆ ಓರೆ ಮಾಡಿಕೊಂಡ ಇಲಿಗೆ ಕಿವಿಯ ಸೋಂಕು ಇರುತ್ತದೆ. ತಲೆ ಗುಂಡಗೆ ಉಬ್ಬಿದ್ದರೆ ಮಿದುಳಲ್ಲಿ ನೀರು ತುಂಬಿರಬಹುದು, ಬಿ6 ತಳಿಯಲ್ಲಿ ಏನೂ ಚುಚ್ಚದೆಯೂ ಅದು ಆಗಾಗ ಬರುತ್ತದೆ. ಒಂದು ಕಣ್ಣು ಚಿಕ್ಕದಿರುವುದೂ ಹಾಗೇ. ಮೊದಲ ವರ್ಷ ನಾನು ಖುಷಿಯಿಂದ ಹೆಸರಿಟ್ಟ ಎಷ್ಟೋ ಇಲಿಗಳ ಮರಿಗಳು ಸಂಪೂರ್ಣ ಸಾಮಾನ್ಯವಾಗಿದ್ದವು. ಮರಿಗೆ ದಾಟದಿದ್ದರೆ ಅದು ಮ್ಯೂಟೇಶನ್ ಅಲ್ಲ. ಬೇಸರ ಆಗುತ್ತದೆ, ಆದರೆ ಅಲ್ಲಿಗೇ ಬಿಡಬೇಕು.

ನಮ್ಮ ಇಲಿ ಸಿಕ್ಕಿದ್ದು ಪರೀಕ್ಷೆಯಲ್ಲಿ ಅಲ್ಲ. ಪಂಜರ ಬದಲಿಸುವ ದಿನ. ಇಲಿಗಳನ್ನು ನೋಡಿಕೊಳ್ಳುವ ಅಣ್ಣ ನನ್ನನ್ನು ಕರೆದು, "ಈ ಗೂಡಲ್ಲಿ ಎರಡು ಮರಿ ಯಾಕೋ ಬೇರೆ ಥರ ಇವೆ, ಒಂದ್ಸಲ ಬಂದು ನೋಡಿ ಮೇಡಂ" ಅಂದರು. ಹದಿನೆಂಟು ದಿನದ ಮರಿಗಳು, ಒಟ್ಟು ಏಳು. ಮಲಗಿದ್ದಾಗ ಎಲ್ಲವೂ ಒಂದೇ ಥರ. ಮುಚ್ಚಳ ತೆಗೆದಾಗ ಐದು ಮರಿ ಚುರುಕಾಗಿ ಮೂಲೆಗೆ ಓಡಿದವು. ಎರಡು ಮರಿ ಎದ್ದವು, ಒಂದು ಹೆಜ್ಜೆ ಇಟ್ಟವು, ಹೆಜ್ಜೆ ಇಡುತ್ತಿದ್ದಂತೆ ತಲೆ ಸಣ್ಣಗೆ, ಬೇಗ ಬೇಗ ಅಲ್ಲಾಡತೊಡಗಿತು, ನಡುಕ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು, ಹಿಂಗಾಲು ತಡವಾಗಿ ಬಂದು ಪಕ್ಕಕ್ಕೆ ಜಾರಿತು. ನಿಂತರೆ ನಡುಕವೂ ನಿಂತಿತು. ಮತ್ತೆ ಹೊರಟರೆ ಮತ್ತೆ ಶುರು. ಬಾಲ ಹಿಡಿದು ಎತ್ತಿದೆ, ಕಾಲು ಎರಡನ್ನೂ ಒಳಗೆ ಎಳೆದುಕೊಂಡವು. ನಾನು ಅವತ್ತು ಸಂಜೆಯವರೆಗೂ ಆ ಪಂಜರದ ಮುಂದೆಯೇ ಕೂತಿದ್ದೆ. ಆ ಅಣ್ಣನ ಕಣ್ಣು ಇರದಿದ್ದರೆ ನಾವು ಪರೀಕ್ಷೆ ಶುರು ಮಾಡುವ ಎಂಟನೇ ವಾರದವರೆಗೆ ಆ ಮರಿಗಳು ಬದುಕಿರುತ್ತಿದ್ದವೋ ಇಲ್ಲವೋ. ಅವತ್ತಿನಿಂದ ಮೂರನೇ ವಾರದಲ್ಲೂ ಎಲ್ಲ ಗೂಡುಗಳನ್ನು ನೋಡುವ ಪದ್ಧತಿ ಮಾಡಿಕೊಂಡೆವು.

ಅವುಗಳ ಆರೈಕೆ ಬೇರೆ ಥರ ಮಾಡಬೇಕಾಯಿತು. ಮೇಲಿನ ತಟ್ಟೆಯಿಂದ ಆಹಾರ ಎಳೆದುಕೊಳ್ಳಲು ಅವಕ್ಕೆ ಆಗುತ್ತಿರಲಿಲ್ಲ. ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಆಹಾರವನ್ನು ಪಂಜರದ ನೆಲದ ಮೇಲೇ ಇಟ್ಟೆವು, ನೀರಿನ ಬಾಟಲಿಗೆ ಉದ್ದದ ನಳಿಕೆ ಹಾಕಿದೆವು, ತಾಯಿಯಿಂದ ಬೇರೆ ಮಾಡುವುದನ್ನು ಒಂದು ವಾರ ಮುಂದಕ್ಕೆ ಹಾಕಿದೆವು. ದಿನಾ ತೂಕ ನೋಡುವುದು, ಇಷ್ಟಕ್ಕಿಂತ ಇಳಿದರೆ ನೋವಿಲ್ಲದ ಸಾವು ಕೊಡುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಈ ಇಲಿಗಳು ನಮಗಾಗಿ ಅನುಭವಿಸುವುದು ಸಣ್ಣದಲ್ಲ. ಅದನ್ನು ಕಡಿಮೆ ಮಾಡುವ ಕೆಲಸ ವಿಜ್ಞಾನಕ್ಕಿಂತ ಬೇರೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಆರೈಕೆ ಸರಿಯಾದ ಮೇಲೆ ಅವು ಬದುಕಿದವು, ದೊಡ್ಡವಾದವು.

ಜೀನ್ ಹುಡುಕಲು ಬೇರೆ ತಳಿಗೆ ಕೂಡಿಸಬೇಕು. ತಳಿ ಬೇರೆ ಆದರೆ ಡಿಎನ್ಎಯಲ್ಲಿ ಗುರುತುಗಳು ಬೇರೆ. ಮೊಮ್ಮಕ್ಕಳಲ್ಲಿ ನಡುಗುವ ಇಲಿಗಳೆಲ್ಲ ಯಾವ ಜಾಗದಲ್ಲಿ ಎರಡೂ ಕಡೆ ಬಿ6 ಗುರುತನ್ನೇ ಹೊತ್ತಿವೆಯೋ ಅಲ್ಲೇ ಮ್ಯೂಟೇಶನ್ ಇರಬೇಕು. ನಾವು ಆರಿಸಿದ್ದು ಸಿ3ಎಚ್ ತಳಿ. ಮುಂದಿನ ಎರಡು ತಿಂಗಳು ನಾವು ತಪ್ಪು ದಾರಿಯಲ್ಲಿ ಹೋದದ್ದು ಇಲ್ಲೇ.

ಇಲಿಯನ್ನು ಬಾಲ ಹಿಡಿದು ಮೇಜಿನ ಕಡೆಗೆ ಮೆಲ್ಲಗೆ ಇಳಿಸಿದರೆ, ಮೀಸೆ ತಾಗುವ ಮೊದಲೇ ಮೇಜನ್ನು ಕಂಡು ಮುಂಗಾಲು ಚಾಚುತ್ತದೆ. ಮೊಮ್ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಹೀಗೆ ಚಾಚಲಿಲ್ಲ. ಕಟ್ಟಿಗೆಯ ಸಣ್ಣ ಪಟ್ಟಿಯ ಮೇಲೆ ನಡೆಸಿದರೆ ಅವೇ ಇಲಿಗಳು ಬಹಳ ನಿಧಾನ. ನಡುಕದ ಜೊತೆ ಅದಕ್ಕೆ ಸಂಬಂಧವೂ ಇರಲಿಲ್ಲ. ನಾಲ್ಕರಲ್ಲಿ ಒಂದು! ಇನ್ನೊಂದು ಹೊಸ ಮ್ಯೂಟೇಶನ್ ಸಿಕ್ಕಿತು ಅಂತ ನಾವೆಲ್ಲ ನಂಬಿಬಿಟ್ಟೆವು. ಗುರುತುಗಳನ್ನು ನೋಡಿದರೆ ಅದು 5ನೇ ಕ್ರೋಮೋಸೋಮಿಗೆ ಹೋಗಿ ಕೂತಿತು, ಆದರೆ ಬಿ6 ಗುರುತಿನ ಜೊತೆ ಅಲ್ಲ, ಸಿ3ಎಚ್ ಗುರುತಿನ ಜೊತೆ. ನಾವು ಚುಚ್ಚಿದ್ದು ಬಿ6 ಇಲಿಗೆ, ದೋಷ ಬರುತ್ತಿರುವುದು ಇನ್ನೊಂದು ತಳಿಯಿಂದ. ಆಗ ಹೊಳೆಯಿತು. ಸಿ3ಎಚ್ ತಳಿಯಲ್ಲಿ ಪಿಡಿಇ6ಬಿ ಜೀನ್ ಮೊದಲಿಂದಲೇ ಕೆಟ್ಟಿರುತ್ತದೆ, ಆರ್‌ಡಿ1 ಅಂತಾರೆ, ಹುಟ್ಟಿದ ಕೆಲವೇ ವಾರಕ್ಕೆ ಕಣ್ಣಿನ ರೆಟಿನಾ ಹಾಳಾಗುತ್ತದೆ. ಆ ಇಲಿಗಳು ಕುರುಡಾಗಿದ್ದವು, ಅಷ್ಟೇ. ಈ ವಿಷಯ ದಶಕಗಳಿಂದ ಎಲ್ಲರಿಗೂ ಗೊತ್ತಿರುವಂಥದ್ದು, ತಳಿ ಆರಿಸುವ ದಿನ ನಾವು ಅದನ್ನು ಕೇಳಿಕೊಳ್ಳಲಿಲ್ಲ. ಬಿ6 ತಳಿಗೂ ತನ್ನದೇ ದೋಷ ಇದೆ, ವಯಸ್ಸಾದಂತೆ ಕಿವಿ ಮಂದವಾಗುತ್ತದೆ, ಅದಕ್ಕೆ ಸಿಡಿಎಚ್23 ಜೀನ್ ಕಾರಣ. ಹಾಗಾಗಿ ಬೆಚ್ಚುವ ಪರೀಕ್ಷೆಯನ್ನು ಎಳೆ ವಯಸ್ಸಲ್ಲೇ ಮುಗಿಸಬೇಕು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮದ್ದು ತರಿಸುವ ಮೊದಲು ನಿಮ್ಮ ಎರಡೂ ತಳಿಗಳ ಹುಟ್ಟುದೋಷಗಳ ಪಟ್ಟಿ ಮಾಡಿ.

ನಡುಕದ ಮ್ಯೂಟೇಶನ್ 15ನೇ ಕ್ರೋಮೋಸೋಮಿನಲ್ಲಿತ್ತು. ನಡುಗುವ ಇಲಿಗಳ ಸಂಖ್ಯೆ ಹೆಚ್ಚಿದಂತೆ ಜಾಗ ಕಿರಿದಾಗುತ್ತಾ ಬಂತು, ಒಂದು ಹಂತಕ್ಕೆ ಬಂದ ಮೇಲೆ ಒಳಗಿರುವ ಜೀನ್‌ಗಳ ಪಟ್ಟಿ ತೆಗೆದೆವು. ಪಟ್ಟಿಯಲ್ಲಿ ಎಸ್‌ಸಿಎನ್8ಎ ಕಂಡ ತಕ್ಷಣ ಮೇಡಂ ಪೆನ್ನು ಕೆಳಗಿಟ್ಟರು. ನರಕೋಶದ ಪೊರೆಯಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳಲ್ಲಿ ಒಂದನ್ನು ಕಟ್ಟುವ ಜೀನ್ ಅದು. ನರತಂತು ಹೊರಡುವ ಜಾಗದಲ್ಲಿ, ತಂತುವಿನ ಹೊದಿಕೆ ಬಿಟ್ಟುಬಿಟ್ಟು ಬರುವ ಸಣ್ಣ ಸಂದುಗಳಲ್ಲಿ ಈ ಬಾಗಿಲುಗಳು ಒತ್ತಾಗಿ ಕೂತಿರುತ್ತವೆ. ಇದು ಪೂರ್ತಿ ಇಲ್ಲದ ಇಲಿಗಳು ಹಿಂಗಾಲಿನ ಬಲ ಕಳೆದುಕೊಂಡು ಸುಮಾರು ಮೂರನೇ ವಾರದಲ್ಲಿ ಸಾಯುತ್ತವೆ ಅಂತ ಮೊದಲೇ ಗೊತ್ತಿತ್ತು. ಮನುಷ್ಯರಲ್ಲೂ ಇದೇ ಜೀನಿನ ಬದಲಾವಣೆಯಿಂದ ಮಕ್ಕಳಿಗೆ ಕಷ್ಟದ ಅಪಸ್ಮಾರ ಬರುತ್ತದೆ, 2012ರಲ್ಲಿ ಅದು ಮೊದಲು ವರದಿಯಾಯಿತು. ನಮ್ಮ ಇಲಿಯ ಡಿಎನ್ಎ ಓದಿದಾಗ ಒಂದು ಟಿ ಇದ್ದಲ್ಲಿ ಎ ಬಂದಿತ್ತು. ಅದರಿಂದ ಪ್ರೋಟೀನಿನಲ್ಲಿ ಐಸೋಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಜಾಗಕ್ಕೆ ಆಸ್ಪರಜಿನ್ ಅನ್ನುವುದು ಬಂದಿತ್ತು. ಎಣ್ಣೆಯಂಥ ಪೊರೆಯ ಒಳಗೆ ಕೂರಬೇಕಾದ ಜಾಗದಲ್ಲಿ ನೀರನ್ನು ಇಷ್ಟಪಡುವ ತುಂಡು.

ಒಂದು ಅಕ್ಷರ ಸಿಕ್ಕಿದ ಮಾತ್ರಕ್ಕೆ ಅದೇ ಕಾರಣ ಅಂತ ಹೇಳುವ ಹಾಗಿಲ್ಲ, ಪಕ್ಕದಲ್ಲೇ ಇನ್ನೊಂದು ಇರಬಹುದು. ಅದಕ್ಕೆ ಹಳೆಯ ಉಪಾಯವೇ ನನಗೆ ತುಂಬಾ ಇಷ್ಟ. ಎಸ್‌ಸಿಎನ್8ಎ ಪೂರ್ತಿ ಕೆಟ್ಟಿರುವ ಬೇರೆ ವಂಶದ ವಾಹಕ ಇಲಿಗಳನ್ನು (ಒಂದೇ ಪ್ರತಿ ಕೆಟ್ಟಿದ್ದು, ನೋಡಲು ಚೆನ್ನಾಗಿರುವಂಥವು) ತರಿಸಿ ನಮ್ಮ ವಾಹಕಗಳಿಗೆ ಕೂಡಿಸಿದೆವು. ಎರಡು ಬೇರೆ ಜೀನ್ ಆಗಿದ್ದರೆ ಮರಿಗಳೆಲ್ಲ ಚೆನ್ನಾಗಿರಬೇಕು. ಮೂರನೇ ವಾರದಲ್ಲಿ ಗೂಡು ತೆರೆದಾಗ ಕೆಲವು ಮರಿ ಅದೇ ಥರ ತಲೆ ಅಲ್ಲಾಡಿಸುತ್ತಿದ್ದವು. ನಮ್ಮವಕ್ಕಿಂತ ಜೋರು ನಡುಕ, ಆದರೆ ಪೂರ್ತಿ ಕೆಟ್ಟವುಗಳ ಹಾಗೆ ಕಾಲು ಬಿದ್ದಿರಲಿಲ್ಲ. ಅಂದರೆ ನಮ್ಮ ಅಕ್ಷರದಿಂದ ಬಾಗಿಲು ಮುಚ್ಚಿ ಹೋಗಿಲ್ಲ, ಸ್ವಲ್ಪ ಕೆಲಸ ಉಳಿದಿದೆ.

ಇಎನ್‌ಯು ಒಂದೇ ಅಕ್ಷರ ಬದಲಿಸುತ್ತದೆ ಅಂತ ಮೊದಲು ಹೇಳಿದ್ದು ಇದಕ್ಕೇ. ಜೀನನ್ನು ಪೂರ್ತಿ ತೆಗೆದರೆ ಮೂರು ವಾರದಲ್ಲಿ ಸಾಯುವ ಇಲಿ ಸಿಗುತ್ತದೆ. ದೊಡ್ಡ ಇಲಿಯ ಮಿದುಳಲ್ಲಿ ಆ ಬಾಗಿಲು ಏನು ಮಾಡುತ್ತದೆ ಅಂತ ಅದರಿಂದ ಕೇಳಲಾಗುವುದಿಲ್ಲ. ಅರ್ಧ ಕೆಲಸ ಮಾಡುವ ಬಾಗಿಲಿದ್ದರೆ ಕೇಳಬಹುದು. ಪಕ್ಕದ ಲ್ಯಾಬಿನವರು ನಮ್ಮ ದೊಡ್ಡ ಇಲಿಗಳ, ಚಲನೆಯನ್ನು ಹೊಂದಿಸುವ ಕಿರುಮಿದುಳಿನ ತೆಳು ಹೋಳುಗಳಲ್ಲಿ ಪರ್ಕಿಂಜೆ ಅನ್ನುವ ದೊಡ್ಡ ನರಕೋಶಗಳನ್ನು ಅಳೆದರು. ಸಾಮಾನ್ಯ ಕೋಶ ಟಕಟಕ ಅಂತ ಒಂದೇ ಸಮನೆ ಸಂಕೇತ ಕಳಿಸುತ್ತಿದ್ದರೆ ನಮ್ಮದು ಶುರು ಮಾಡಿ, ನಿಧಾನವಾಗಿ, ನಡುನಡುವೆ ನಿಂತುಬಿಡುತ್ತಿತ್ತು. ಆ ಗೆರೆಗಳನ್ನು ಪರದೆಯ ಮೇಲೆ ನೋಡುವಾಗ ನನಗೆ ಆ ಹದಿನೆಂಟು ದಿನದ ಮರಿ ಹೆಜ್ಜೆ ಇಟ್ಟದ್ದೇ ಕಣ್ಣ ಮುಂದೆ ಬಂತು. ಮಕ್ಕಳಲ್ಲೂ ಬಹಳ ಸಲ ಬದಲಾಗಿರುವುದು ಒಂದೇ ಅಕ್ಷರ, ಇಡೀ ಜೀನ್ ಮಾಯವಾಗಿರುವುದಿಲ್ಲ.

ಈಗ ಹುಡುಕುವ ಭಾಗ ತುಂಬಾ ಬೇಗ ಆಗುತ್ತದೆ. ಎಕ್ಸೋಮ್, ಅಂದರೆ ಪ್ರೋಟೀನ್ ಕಟ್ಟುವ ಡಿಎನ್ಎ ಭಾಗಗಳನ್ನೆಲ್ಲ ಓದಿಸಿದರೆ ನಾವು ತಿಂಗಳುಗಟ್ಟಲೆ ಮಾಡಿದ್ದು ವಾರಗಳಲ್ಲಿ ಮುಗಿಯುತ್ತದೆ. ಸಿಕ್ಕಿದ ಅಕ್ಷರವನ್ನೇ ಕ್ರಿಸ್ಪರಿನಿಂದ ಹೊಸ ಇಲಿಯಲ್ಲಿ ಬರೆದು ಖಾತ್ರಿ ಮಾಡಿಕೊಳ್ಳಲೂಬಹುದು. ನೋಡುವ ಭಾಗ ಮಾತ್ರ ಬೇಗ ಆಗಿಲ್ಲ. 2016ರಲ್ಲಿ ಮಸಾಶಿ ಯಾನಗಿಸಾವ ಅವರ ತಂಡ ನಿದ್ದೆ ಜಾಸ್ತಿ ಮಾಡುವ ಇಲಿಯಲ್ಲಿ ಎಸ್‌ಐಕೆ3 ಜೀನನ್ನು ಕಂಡುಹಿಡಿದದ್ದು 8,000ಕ್ಕೂ ಹೆಚ್ಚು ಇಲಿಗಳ ಮಿದುಳಿನ ಅಲೆಗಳನ್ನು ದಾಖಲಿಸಿಕೊಂಡು. ಒಂದೊಂದಕ್ಕೂ ತಲೆಗೆ ತಂತಿ ಹಾಕಬೇಕು, ಗುಣವಾಗಲು ಬಿಡಬೇಕು, ದಿನಗಟ್ಟಲೆ ನಿದ್ದೆ ನೋಡಬೇಕು. ಆ ಸಂಖ್ಯೆ ಓದಿದಾಗ ಅದರ ಹಿಂದಿನ ಕೈಗಳು ನನಗೆ ಕಾಣುತ್ತವೆ.

ನಮ್ಮ ವಂಶದ ಪಂಜರಗಳನ್ನು ಕೊನೆಗೆ ಖಾಲಿ ಮಾಡಿದೆವು, ಅದಕ್ಕೆ ಮೊದಲು ಗಂಡುಗಳ ವೀರ್ಯವನ್ನು ಸಣ್ಣ ನಳಿಕೆಗಳಲ್ಲಿ ತುಂಬಿ ದ್ರವ ಸಾರಜನಕದಲ್ಲಿ ಇಟ್ಟೆವು. ಎರಡು ಬೇರೆ ಬೇರೆ ಟ್ಯಾಂಕಿನಲ್ಲಿ. ಇಟ್ಟರೆ ಸಾಲದು, ಒಂದು ನಳಿಕೆ ತೆಗೆದು ಕರಗಿಸಿ, ಅದರಿಂದ ಮರಿ ಹುಟ್ಟಿಸಿ, ಆ ಮರಿಯಲ್ಲಿ ನಮ್ಮ ಅಕ್ಷರ ಇದೆ ಅಂತ ಓದಿ ನೋಡಿದ ಮೇಲೆಯೇ ಕೊನೆಯ ಜೋಡಿಯನ್ನು ನಿಲ್ಲಿಸಿದ್ದು. ಇನ್ನೂ ನಾಲ್ಕು ವಂಶಗಳ ನಳಿಕೆಗಳು ಅದೇ ಟ್ಯಾಂಕುಗಳಲ್ಲಿವೆ. ಅವುಗಳ ಮರಿಗಳಲ್ಲಿ ನಾವು ನೋಡಿದ್ದನ್ನೆಲ್ಲ ಬರೆದಿಟ್ಟಿದ್ದೇವೆ, ಜೀನ್ ಅನ್ನುವ ಜಾಗ ಮಾತ್ರ ಇನ್ನೂ ಖಾಲಿ ಇದೆ.